ಕಡಲ ದಂಡೆಯಲ್ಲಿ ಇಟ್ಟ ಎಡೆ

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಮೊನ್ನೆ ನನ್ನ ಮುಂದಿನ ಸೀಟಿನ ಹೆಂಗಸೊಬ್ಬರು ಚೀಲದಿಂದ ಟ್ಯೂಬು ತೆಗೆದು ಮುಖಕ್ಕೆ, ಕತ್ತಿಗೆ, ತೋಳಿಗೆ ಬಿಸಿಲಿನ ಕ್ರೀಮು ಹಚ್ಚಿಕೊಳ್ಳತೊಡಗಿದರು. ಹೊರಗೆ ಮಂಜು ಎಷ್ಟಿತ್ತೆಂದರೆ ಡ್ರೈವರ್ ಹಗಲಲ್ಲೇ ದೀಪ ಹಾಕಿದ್ದ. ಬಿಸಿಲೇ ಇಲ್ಲದ ಬೆಟ್ಟಕ್ಕೆ ಬಿಸಿಲಿನ ಕ್ರೀಮು ಹಚ್ಚಿಕೊಂಡು ಹೊರಟವರನ್ನು ಕಂಡು ನಾನು ನಗಬೇಕಿತ್ತು. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಿಂದ ಬಾಯಿ ಮುಚ್ಚಿಕೊಂಡು ಬಗ್ಗಿದೆ. ಕೊಬ್ಬರಿ ಎಣ್ಣೆಗೆ ಯಾವುದೋ ಸೆಂಟು ಬೆರೆಸಿದಂಥ ವಾಸನೆ. ಪಕ್ಕದವರು ನನಗೆ ವಾಂತಿ ಬರುತ್ತಿದೆಯೆಂದು ಕಿಟಕಿ ಬಿಟ್ಟುಕೊಟ್ಟರು. ವಾಂತಿಯಲ್ಲ ಸ್ವಾಮಿ, ನಮ್ಮಣ್ಣನ ನೆನಪು ಅಂತ ಅವರಿಗೆ ಹೇಗೆ ಹೇಳುವುದು?

ನಾನು ಚಾಮರಾಜನಗರದಲ್ಲಿ ಕರಿಕಲ್ಲಿನ ಕಾರ್ಖಾನೆಯೊಂದರ ಸೂಪರ್‌ವೈಸರ್. ನಮ್ಮ ಸೀಮೆಯ ನೆಲದಿಂದ ಎದ್ದ ಕಪ್ಪು ಕಲ್ಲು ಹಲಗೆ ಹಲಗೆಯಾಗಿ ಸೀಳಿಸಿಕೊಂಡು, ಮುಖ ಕಾಣುವಷ್ಟು ಪಾಲಿಶ್ ಮಾಡಿಸಿಕೊಂಡು, ಹಡಗು ಹತ್ತಿ ಹೋಗಿ ಎಲ್ಲೆಲ್ಲಿಯವರದೋ ಸಮಾಧಿಯ ಮೇಲೆ ಕೂರುತ್ತದೆ. ಬದುಕಿದ್ದಾಗ ಚಾಮರಾಜನಗರದ ಹೆಸರನ್ನೇ ಕೇಳದವರು ಸತ್ತ ಮೇಲೆ ನಮ್ಮ ನೆಲದ ಕಲ್ಲಿನ ಕೆಳಗೆ ಮಲಗುತ್ತಾರಲ್ಲ ಅಂತ ಕಾರ್ಖಾನೆಯಲ್ಲಿ ತಮಾಷೆ ಮಾಡುತ್ತಿದ್ದೆವು. ನನ್ನ ಅಣ್ಣ ಮಾದೇಶ ಅದೇ ಕಾರ್ಖಾನೆಯಲ್ಲಿ ಪಾಲಿಶ್ ಮಾಡುತ್ತಿದ್ದ. ಸ್ಪೇನ್ ದೇಶದ ವ್ಯಾಪಾರಿಯೊಬ್ಬ ಕಲ್ಲು ನೋಡಲು ಬಂದವನು ಅಣ್ಣನ ಕೈಕೆಲಸ ಮೆಚ್ಚಿ, ಬಾರ್ಸಿಲೋನಾ ಪಟ್ಟಣದ ಹೊರಗಿನ ತನ್ನ ಕಲ್ಲಿನ ಯಾರ್ಡಿಗೆ ಕರೆಸಿಕೊಂಡ. ಹರವೆ ಹತ್ತಿರದ ನಮ್ಮ ಊರಿನಿಂದ ಸಮುದ್ರ ದಾಟಿ ಹೋದವನು ಅವನೇ ಮೊದಲು. ಊರಿನವರೆಲ್ಲ ಬಸ್ಸಿನವರೆಗೂ ಬಂದಿದ್ದರು.

ಮೊದಲ ವರ್ಷ ಭಾನುವಾರ ಭಾನುವಾರ ಫೋನ್ ಬರುತ್ತಿತ್ತು. ಆಮೇಲೊಂದು ಭಾನುವಾರ ಬರಲಿಲ್ಲ, ಮತ್ತೆ ಬರಲೇ ಇಲ್ಲ. ವಿಚಾರಿಸಿದರೆ, ಯಾರ್ಡು ಬಿಟ್ಟು ಹೋದ, ಎಲ್ಲಿಗೆ ಅಂತ ಗೊತ್ತಿಲ್ಲ ಎಂದರು. ಇಲ್ಲಿ ಪೊಲೀಸರಿಗೆ ದೂರು ಕೊಟ್ಟೆವು, ಅಲ್ಲಿ ನಮ್ಮ ಕಾರ್ಖಾನೆಯ ಧಣಿ ದೂರು ಕೊಡಿಸಿದರು. ಪತ್ತೆಯಿಲ್ಲ ಅನ್ನುವ ಉತ್ತರ ಬಿಟ್ಟು ಬೇರೇನೂ ಬರಲಿಲ್ಲ. ಅದೇ ಚಳಿಗಾಲದಲ್ಲಿ ಅಲ್ಲಿನ ಸಮುದ್ರದ ದಡಕ್ಕೆ ಗುರುತು ಸಿಗದ ಗಂಡಸಿನ ಹೆಣವೊಂದು ಬಂದಿತ್ತು ಅನ್ನುವ ಸುದ್ದಿಯನ್ನು ಮಾತ್ರ ಯಾರ್ಡಿನವರು ಹೇಳಿದರು. ಆ ಸುದ್ದಿ ನಮ್ಮ ಮನೆಯನ್ನು ಎರಡು ಭಾಗ ಮಾಡಿತು.

ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಎಡೆ ಇಡುವುದು ನಮ್ಮ ಕಡೆ ದೊಡ್ಡ ಹಬ್ಬ. ಮಾರ್ಲಮಿ ಅನ್ನುತ್ತೇವೆ. ಸತ್ತವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಎಲೆಯಲ್ಲಿ ಬಡಿಸಿ, ಹೊಸ ಬಟ್ಟೆ, ಬೀಡಿ, ಎಲೆ ಅಡಿಕೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಅವರು ಬಂದು ಉಣ್ಣುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ತಟ್ಟದೆ ನುಗ್ಗಿದರೆ ಉಣ್ಣುತ್ತಿರುವವರು ಅರ್ಧದಲ್ಲಿ ಎದ್ದು ಹೋಗುತ್ತಾರಂತೆ. ಅವರು ಉಂಡ ಎಲೆಯಲ್ಲಿ ಒಂದು ಅಗುಳೂ ಕಡಿಮೆಯಾಗುವುದಿಲ್ಲ, ಬರೀ ಘಮಲು ಉಂಡು ಹೋಗಿರುತ್ತಾರೆ. ಅದನ್ನೇ ನಾವು ಉಣ್ಣುತ್ತೇವೆ. ಸತ್ತವರಿಗೆ ಎಡೆ ತಪ್ಪಿಸಿದರೆ ಅವರು ಹಸಿದುಕೊಂಡು ಮನೆ ಸುತ್ತುತ್ತಾರೆ. ಬದುಕಿರುವವರಿಗೆ ಎಡೆ ಇಟ್ಟರೋ, ಅದಕ್ಕಿಂತ ದೊಡ್ಡ ಅನಿಷ್ಟ ಬೇರೆ ಇಲ್ಲ.

ಅವ್ವ ಅಣ್ಣನಿಗೆ ಎಡೆ ಇಡಬೇಕು ಅಂತ ಹಟ ಹಿಡಿದಳು. "ಕನಸ್ಗೆ ಬಂದು ಬಾಗ್ಲಲ್ಲಿ ನಿಂತ್ಕತಾನೆ ಕಣ್ಲಾ. ಬಾಯ್ ಬುಡಲ್ಲ. ಹೊಟ್ಟೆ ಮುಟ್ಕಂಡು ನಿಂತ್ಕತಾನೆ" ಎಂದು ಅಳುತ್ತಿದ್ದಳು. ಅತ್ತಿಗೆ ಪುಟ್ಟಮಣಿ ಒಪ್ಪಲಿಲ್ಲ. ಅವರು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ಮಕ್ಕಳಿಲ್ಲ. ಮಾತು ಕಡಿಮೆ, ಆದರೆ ಆಡಿದ ಮಾತು ಕಲ್ಲಿಗೆ ಬರೆದ ಹಾಗೆ. "ಎಣ ನೋಡ್ದೆ ಎಡೆ ಮಡಗಕ್ಕೆ ನಾನು ಬುಡಲ್ಲ ಕಣತ್ತೆ. ನಿಮ್ಗೆ ಮಗ ಸತ್ತವ್ನೆ ಅನ್ನದು ಬೇಕಾದ್ರೆ ನನ್ ತಾಳಿ ಕಿತ್ತಾಕಿ ಮಡಿಕಳಿ" ಅಂದುಬಿಟ್ಟರು. ಎರಡು ಮಾರ್ಲಮಿ ಹಾಗೆಯೇ ಕಳೆದವು. ಒಂದೇ ಒಲೆಯ ಮುಂದೆ ಕೂತ ಇಬ್ಬರು ಹೆಂಗಸರಲ್ಲಿ ಒಬ್ಬಳು ಅವನನ್ನು ಸತ್ತವನೆಂದು ನಂಬಿ ಹಸಿವು ತಣಿಸಲು ಒದ್ದಾಡುತ್ತಿದ್ದಳು, ಇನ್ನೊಬ್ಬರು ಬದುಕಿದ್ದಾನೆಂದು ನಂಬಿ ದಿನವೂ ಕುಂಕುಮ ಇಟ್ಟುಕೊಳ್ಳುತ್ತಿದ್ದರು. ನಾನು ಅತ್ತ ದರಿ ಇತ್ತ ಪುಲಿ.

ಮೂರನೆಯ ವರ್ಷ ನಾವು ಕಳಿಸಿದ ಕಲ್ಲಿನಲ್ಲಿ ಬಹಳಷ್ಟು ಬಿರುಕು ಬಿಟ್ಟಿದೆ ಅಂತ ಆ ವ್ಯಾಪಾರಿ ತಕರಾರು ತೆಗೆದ. ಯಾರಾದರೂ ಹೋಗಿ ಒಂದೊಂದು ಹಲಗೆಯನ್ನೂ ನೋಡಿ ತೀರ್ಮಾನ ಮಾಡಬೇಕಿತ್ತು. ಧಣಿ ನನ್ನನ್ನು ಕರೆದು, "ಸಿದ್ದರಾಜು, ಕಲ್ಲೂ ನೋಡ್ಕಂಡ್ ಬಾ, ನಿಮ್ಮಣ್ಣನ್ನೂ ನೋಡ್ಕಂಡ್ ಬಾ" ಎಂದರು. ಹೊರಡುವ ದಿನ ಅವ್ವ ರಾಗಿ ಹಿಟ್ಟಿನ ಗಂಟಿನೊಳಗೆ ಒಂದು ಕಟ್ಟು ಬೀಡಿ ಮುಚ್ಚಿಟ್ಟು, "ಪುಟ್ಟಮಣಿಗೆ ಏಳ್ಬೇಡ. ಮಾರ್ಲಮಿ ದಿನ ಅಲ್ಲೇ ಎಡೆ ಮಡಗ್ಬುಡು. ಸತ್ತ ಜಾಗದಲ್ಲೇ ಮಡಗುದ್ರೆ ಉಂಡೋಯ್ತನೆ" ಎಂದು ಕಿವಿಯಲ್ಲಿ ಹೇಳಿದಳು. ಅವಳು ಆಚೆ ಹೋದ ಮೇಲೆ ಅತ್ತಿಗೆ ಬಂದು ನೀಲಗಿರಿ ಎಣ್ಣೆಯ ಬಾಟಲಿ ಕೊಟ್ಟರು. "ಅವ್ರಿಗೆ ಸಳಿ ತಡ್ಯಕಾಗಲ್ಲ. ಸಿಕ್ದಾಗ ಕೊಡಪ್ಪ" ಎಂದರು. ಹೀಗೆ ಸತ್ತವನಿಗೊಂದು, ಬದುಕಿದವನಿಗೊಂದು ಒಂದೇ ಚೀಲದಲ್ಲಿ ಹಾಕಿಕೊಂಡು ನಾನು ವಿಮಾನ ಹತ್ತಿದೆ.

ವ್ಯಾಪಾರಿಗೆ ಸಮುದ್ರದ ದಡದಲ್ಲಿ, ಬೇಸಿಗೆಗೆಂದು ಇಟ್ಟುಕೊಂಡ ಒಂದು ಫ್ಲಾಟಿತ್ತು. ನನ್ನನ್ನು ಅಲ್ಲಿಯೇ ಇಳಿಸಿದ. ಬಾರ್ಸಿಲೋನಾದಿಂದ ರೈಲಿನಲ್ಲಿ ಸ್ವಲ್ಪವೇ ದೂರದ ಊರು, ಕಾಸ್ಟೆಲ್‌ದೆಫೆಲ್ಸ್. ಆ ಹೆಣ ಬಂದದ್ದೂ ಇದೇ ದಡಕ್ಕೆ. ಪಟ್ಟಣದವರು ಈಜುವುದಕ್ಕೂ ಬಿಸಿಲು ಕಾಯುವುದಕ್ಕೂ ಬರುವ ಜಾಗ. ಕಣ್ಣು ಹೋದಷ್ಟು ದೂರ ಮರಳು, ಅದರ ಹಿಂದೆ ಪೈನ್ ಮರಗಳು, ಮರಗಳ ಹಿಂದೆ ಸಾಲು ಸಾಲು ಬೇಸಿಗೆ ಮನೆಗಳು. ನಾನು ಹೋದಾಗ ಇನ್ನೂ ಜನ ಇದ್ದರು. ಮೈಗೆಲ್ಲ ಆ ಕ್ರೀಮು ಮೆತ್ತಿಕೊಂಡು ಮರಳಿನಲ್ಲಿ ಬೋರಲು ಮಲಗಿರುತ್ತಿದ್ದರು. ಗಾಳಿ ಬೀಸಿದರೆ ಇಡೀ ದಡವೇ ಆ ವಾಸನೆ. ನಾನು ಹುಟ್ಟಿದ ಮೇಲೆ ನೋಡಿದ್ದ ದೊಡ್ಡ ನೀರೆಂದರೆ ಸುವರ್ಣಾವತಿ ಅಣೆಕಟ್ಟು. ಸಮುದ್ರದ ಮುಂದೆ ನಿಂತ ಮೊದಲ ದಿನ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದೆ. ಚೆಂದ ಅಂತ ಒಮ್ಮೆಯೂ ಅನ್ನಿಸಲಿಲ್ಲ. ಇದೇ ನೀರಾ ಅವನನ್ನು ನುಂಗಿದ್ದು ಅಂತಲೇ ನೋಡುತ್ತಿದ್ದೆ.

ಸೆಪ್ಟೆಂಬರ್ ಮುಗಿಯುತ್ತ ಬಂದ ಹಾಗೆ ಊರು ಖಾಲಿಯಾಗತೊಡಗಿತು. ದಿನವೂ ಒಂದಷ್ಟು ಮನೆಗಳ ಕಿಟಕಿಯ ಶಟರುಗಳು ಕೆಳಗೆ ಉರುಳುತ್ತಿದ್ದವು. ಐಸ್‌ಕ್ರೀಮಿನ ಅಂಗಡಿ ಮುಚ್ಚಿತು, ಛತ್ರಿಗಳನ್ನು ಮಡಚಿ ಒಯ್ದರು. ಗುಡುಗು ಮಳೆ ಬಂದು ಮರಳಿನ ಮೇಲಿನ ಹೆಜ್ಜೆಗಳನ್ನೆಲ್ಲ ಅಳಿಸಿತು. ನನ್ನ ಕಟ್ಟಡದಲ್ಲಿ ಉಳಿದವರು ನಾನು ಮತ್ತು ಕೆಳಗಿನ ಮನೆಯ ಒಬ್ಬ ಮುದುಕಿ. ಹಗಲೆಲ್ಲ ಯಾರ್ಡಿನಲ್ಲಿ ಕಲ್ಲು ತಟ್ಟಿ ನೋಡಿ, ಸಂಜೆ ಬಂದು ಅಣ್ಣನ ಫೋಟೋ ಹಿಡಿದು ಅಲೆಯುತ್ತಿದ್ದೆ.

ಅಲೆಯುವಾಗಲೇ ನನಗೆ ಭಯ ಹತ್ತಿಕೊಂಡದ್ದು. ಬ್ರೆಡ್ಡಿನ ಅಂಗಡಿಗೆ ಮೊದಲ ಸಲ ಹೋದಾಗ ಅಲ್ಲಿನ ಹೆಂಗಸು ನಕ್ಕು, ನಾನು ಕೇಳುವ ಮೊದಲೇ ಒಂದು ಉದ್ದನೆಯ ಬ್ರೆಡ್ಡು ಸುತ್ತಿ ಕೈಗಿಟ್ಟಳು. ಫೋಟೋ ತೋರಿಸಿದೆ. ಫೋಟೋ ನೋಡಿದಳು, ನನ್ನನ್ನು ನೋಡಿದಳು, ಬೆರಳನ್ನು ನನ್ನ ಎದೆಗೆ ತೋರಿಸಿ ಮತ್ತೂ ಜೋರಾಗಿ ನಕ್ಕಳು. ಕಾಫಿ ಅಂಗಡಿಯವನೂ ಹಾಗೆಯೇ ಮಾಡಿದ. ನಾನೂ ಅಣ್ಣನೂ ಒಂದೇ ಅಚ್ಚಿನವರು, ಅವನಿಗೆ ಮೀಸೆಯಿಲ್ಲ ಅನ್ನುವುದೊಂದು ಬಿಟ್ಟರೆ. ನನ್ನದೇ ಫೋಟೋ ತೋರಿಸುತ್ತಿದ್ದೇನೆ ಅಂತ ತಿಳಿದಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಆದರೆ ಮರಳಿನ ಮೇಲೆ ಕಂದು ಬಣ್ಣದ ನಾಯಿಯೊಂದು ನನ್ನನ್ನು ಕಂಡು ಬಾಲ ಆಡಿಸುತ್ತ ಓಡಿಬಂದು, ಹತ್ತಿರ ಬಂದು ಮೂಸಿ, ಅನುಮಾನಿಸಿ ಹಿಂದೆ ಸರಿದು ಕುಂಯ್‌ಗುಟ್ಟಿತಲ್ಲ, ಅದಕ್ಕೆ ಏನು ಸಮಾಧಾನ? ನಾಯಿಗೆ ಫೋಟೋ ತೋರಿಸಿರಲಿಲ್ಲ.

ಇನ್ನೊಂದು, ಸಂಜೆಯ ದೀಪಗಳು. ದಡದ ಆ ತುದಿಯಲ್ಲಿ ಎಲ್ಲ ಮನೆಗಳೂ ಮುಚ್ಚಿದ್ದವು. ಕತ್ತಲಾಗುವ ಹೊತ್ತಿಗೆ ಅವುಗಳಲ್ಲಿ ಒಂದರಲ್ಲಿ ದೀಪ ಹತ್ತುತ್ತಿತ್ತು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಲ್ಲಿ, ಆಮೇಲೆ ಅದರಾಚೆಯ ಮನೆಯಲ್ಲಿ. ಯಾರೋ ಮನೆಯಿಂದ ಮನೆಗೆ ಗೋಡೆ ದಾಟಿಕೊಂಡು ಹೋಗುತ್ತಿದ್ದಾರೆ ಅನ್ನಿಸುತ್ತಿತ್ತು. ನಾನು ಬಾಲ್ಕನಿಯಿಂದ ನೋಡಿ ಒಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮರಗಳ ನಡುವೆ ಯಾರೋ ನಿಂತು ನನ್ನನ್ನೇ ನೋಡುತ್ತಿದ್ದಾರೆ ಅಂತ ಎಷ್ಟೋ ಸಲ ಅನ್ನಿಸಿದ್ದುಂಟು. ತಿರುಗಿದರೆ ಯಾರೂ ಇರುತ್ತಿರಲಿಲ್ಲ.

ಯಾರ್ಡಿನವನೊಬ್ಬ ಒಂದು ದಿನ ನನ್ನನ್ನು ಸ್ಮಶಾನಕ್ಕೆ ಕರೆದುಕೊಂಡು ಹೋದ. ಅಲ್ಲಿ ಹೆಣವನ್ನು ನೆಲದಲ್ಲಿ ಹೂಳದೆ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಇಟ್ಟು ಕಲ್ಲಿನ ಹಲಗೆ ಮುಚ್ಚುತ್ತಾರೆ. ದಡಕ್ಕೆ ಬಂದ ಆ ಗುರುತಿಲ್ಲದವನ ಗೂಡು ಕೊನೆಯ ಸಾಲಿನಲ್ಲಿತ್ತು. ಯಾರೋ ಪುಣ್ಯಾತ್ಮರು ಕೊಟ್ಟ ಕಪ್ಪು ಹಲಗೆ, ಹೆಸರಿಲ್ಲ. ಆ ಕಪ್ಪು ನಮ್ಮ ಊರಿನ ಕಪ್ಪು, ನನಗೆ ತಿಳಿಯದೆ ಇರುತ್ತದೆಯೇ? ಹತ್ತಿರ ಹೋದೆ. ಪಾಲಿಶಿನಲ್ಲಿ ನನ್ನ ಮುಖ ಕಂಡಿತು, ಬಣ್ಣವಿಲ್ಲದೆ, ಮೀಸೆಯೂ ಸರಿಯಾಗಿ ಕಾಣದೆ. ಅಣ್ಣ ಒಳಗಿನಿಂದ ನೋಡುತ್ತಿದ್ದಾನೆ ಅನ್ನಿಸಿತು. ಅಲ್ಲಿಯೇ ಕುಸಿದು ಕೂತು ಗಟ್ಟಿಯಾಗಿ ಅತ್ತುಬಿಟ್ಟೆ.

ಅವತ್ತು ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಾಯಿ, ದೀಪ, ಬ್ರೆಡ್ಡಿನ ಹೆಂಗಸು, ಕಪ್ಪು ಕಲ್ಲು. ಅವ್ವ, "ಅವ್ನು ನಿನ್ ಜೊತ್ಗೇ ತಿರುಗ್ತಾವ್ನೆ ಕಣ್ಲಾ. ನಾಯ್ಗೆ ಕಾಣ್ತದೆ, ನಮ್ಗೆ ಕಾಣಲ್ಲ. ಅಸ್ಕಂಡವ್ನೆ ನನ್ ಮಗ. ಅಮಾಸೆ ಬತ್ತಾ ಅದೆ, ಎಡೆ ಮಡಗ್ಬುಡು" ಎಂದಳು. ಹೆದರಿದವನಿಗೆ ಹಗ್ಗವೂ ಹಾವೇ. ನನಗೂ ಅದೇ ನಿಜ ಅನ್ನಿಸಿತು.

ಅಮಾವಾಸ್ಯೆಯ ದಿನ ಯಾರ್ಡಿಗೆ ರಜ ಹೇಳಿದೆ. ಬಾಳೆ ಎಲೆ ಎಲ್ಲಿ ಸಿಗಬೇಕು? ರಸ್ತೆ ಬದಿಯ ಅಂಜೂರದ ಮರದಿಂದ ಅಗಲದ ಎಲೆ ಕಿತ್ತು, ಹಲ್ಲುಕಡ್ಡಿಯಿಂದ ಚುಚ್ಚಿ ಊಟದ ಇಸ್ತ್ರೆಲೆ ಹಚ್ಚಿದೆ. ಮುದ್ದೆ ಕಟ್ಟಿದೆ, ಕೋಳಿ ಸಾರು ಮಾಡಿದೆ. ಅವ್ವ ಕಟ್ಟಿಕೊಟ್ಟಿದ್ದ ಸಾಂಬಾರ್ ಪುಡಿಯ ಘಾಟಿಗೆ ಇಡೀ ಕಟ್ಟಡವೇ ಕೆಮ್ಮಿರಬೇಕು. ಸಂಜೆಯ ಹೊತ್ತಿಗೆ ಸ್ನಾನ ಮಾಡಿ ಪಂಚೆ ಉಟ್ಟು, ಬರಿಮೈಯಲ್ಲಿ ಎಲೆ ಬಡಿಸಿ, ಬೀಡಿ ಕಟ್ಟು ಇಟ್ಟು, ಅಣ್ಣನ ಫೋಟೋಗೆ ಹೂವು ಹಾಕಿ, ದೀಪ ಹಚ್ಚಿ, ಧೂಪ ಹಾಕಿ, "ಬಂದು ಉಂಡೋಗಣ್ಣ" ಅಂದು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಟಕ್ ಅಂತ ಸದ್ದಾಯಿತು.

ಅಲ್ಲಿನ ಬಾಗಿಲುಗಳು ಎಳೆದರೆ ಸಾಕು, ತಾವೇ ಬೀಗ ಹಾಕಿಕೊಳ್ಳುತ್ತವೆ. ದಿನವೂ ಕೀ ಜೇಬಿನಲ್ಲಿ ಇಟ್ಟುಕೊಂಡೇ ಹೊರಡುತ್ತಿದ್ದವನು ಅವತ್ತು ಜೇಬೇ ಇಲ್ಲದ ಪಂಚೆಯಲ್ಲಿದ್ದೆ. ಕೀ ಒಳಗೆ, ಫೋನ್ ಒಳಗೆ, ಉರಿಯುವ ದೀಪ ಒಳಗೆ, ಉಣ್ಣಲು ಬಂದ ಅಣ್ಣನೂ ಒಳಗೆ. ಬಾಗಿಲು ತಟ್ಟಿದೆ. ತಟ್ಟುವುದು ಶಾಸ್ತ್ರವೂ ಹೌದು, ಹುಚ್ಚೂ ಹೌದು. ಯಾರು ತೆಗೆಯಬೇಕು? ಸದ್ದಿಗೆ ಕೆಳಗಿನ ಮುದುಕಿ ಮೇಲೆ ಬಂದಳು. ಬರಿಮೈಯಲ್ಲಿ ವಿಭೂತಿ ಬಳಿದುಕೊಂಡು ನಿಂತ ನನ್ನನ್ನು ಕಂಡು ಎದೆ ಮುಟ್ಟಿಕೊಂಡಳು. ಆಮೇಲೆ ಬಾಗಿಲು ನೋಡಿ ಅರ್ಥ ಮಾಡಿಕೊಂಡು, ಬೀಗ ತೆಗೆಯುವವನಿಗೆ ಫೋನ್ ಮಾಡಿದಳು.

ಅವನು ಪಾಕಿಸ್ತಾನದವನು, ಯೂಸುಫ್ ಅಂತ. ರೈಲು ನಿಲ್ದಾಣದ ಹತ್ತಿರ ಅವನ ಬೀಗದ ಅಂಗಡಿಯಿತ್ತು. ಊರಿನ ಎಲ್ಲ ಅಂಗಡಿಯಲ್ಲೂ ಫೋಟೋ ತೋರಿಸಿದ್ದ ನಾನು ಅದೊಂದಕ್ಕೆ ಮಾತ್ರ ಹೋಗಿರಲಿಲ್ಲ. ಪಾಕಿಸ್ತಾನದವರ ಜೊತೆ ಮಾತುಕತೆ ಬೇಡ, ಆಮೇಲೆ ವೀಸಾಕ್ಕೆ ತೊಂದರೆ ಅಂತ ಹೊರಡುವಾಗ ಯಾರೋ ಬುದ್ಧಿ ಹೇಳಿದ್ದರು. ಚಾಮರಾಜನಗರದ ಸಾಬರ ಬೀದಿಯಲ್ಲಿ ಬಾಡಿಗೆಗಿದ್ದು ಉರ್ದು ಕಲಿತವನಿಗೆ, ಇಡೀ ಊರಿನಲ್ಲಿ ಮಾತು ಸಿಗುತ್ತಿದ್ದ ಅಂಗಡಿ ಅದೊಂದೇ. ಅದನ್ನೇ ಬಿಟ್ಟಿದ್ದೆ!

ಅವನು ಮೆಟ್ಟಿಲು ಹತ್ತಿ ಬಂದವನೇ ನನ್ನನ್ನು ನೋಡಿ ಉರ್ದುವಿನಲ್ಲಿ ನಗಾಡಿದ. "ಏನಯ್ಯಾ ಮಾದೇಶ್, ಊರಿನವರ ಮನೆ ಕೀಗಳನ್ನೆಲ್ಲ ಸೊಂಟಕ್ಕೆ ಕಟ್ಟಿಕೊಂಡು ತಿರುಗುವವನು ನೀನು. ನೀನೇ ಹೊರಗೆ ಸಿಕ್ಕಿಹಾಕಿಕೊಂಡೆಯಾ? ಈ ಮೀಸೆ ಯಾವಾಗ ಬಂತು?"

ಗೋಡೆ ಹಿಡಿದುಕೊಂಡೆ. "ನಾನು ಮಾದೇಶ ಅಲ್ಲ, ಅವನ ತಮ್ಮ" ಅಂದೆ. ಯೂಸುಫನ ನಗು ನಿಂತಿತು. ಪ್ಲಾಸ್ಟಿಕ್ಕಿನ ತೆಳು ಹಾಳೆಯೊಂದನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಎಳೆದ. ಬಾಗಿಲು ತೆರೆಯಿತು. ಒಳಗೆ ದೀಪ, ಧೂಪ, ಎಲೆ, ಹೂವು ಹಾಕಿದ ಫೋಟೋ. ಅವನು ಫೋಟೋದ ಮುಂದೆ ಬಗ್ಗಿ ನೋಡಿ, "ತೋಬಾ ತೋಬಾ. ಬೆಳಿಗ್ಗೆ ನನ್ನ ಅಂಗಡಿಯಲ್ಲಿ ಚಹಾ ಕುಡಿದು ಹೋಗಿದ್ದಾನಲ್ಲಪ್ಪ ಇವನು. ಇವನಿಗೆ ಯಾಕೆ ಹೂವು ಹಾಕಿದ್ದೀಯ?" ಎಂದ.

ಅಂಗಿ ಸಿಕ್ಕಿಸಿಕೊಂಡು ಅವನ ಸ್ಕೂಟರ್ ಹತ್ತಿದೆ. ದಡದ ಆ ತುದಿಗೆ, ಆ ದೀಪಗಳ ಮನೆಗಳ ಕಡೆಗೇ ಅವನು ಓಡಿಸಿದ. ದಾರಿಯಲ್ಲಿ ಹೇಳಿದ, ಬೇಸಿಗೆ ಮನೆಗಳನ್ನು ಕಾಯುವುದು ಮಾದೇಶನ ಕೆಲಸ. ಕಳ್ಳರು ಬರಬಾರದೆಂದು ಸಂಜೆ ಒಂದೊಂದು ಮನೆಯಲ್ಲೂ ಹೋಗಿ ಸ್ವಲ್ಪ ಹೊತ್ತು ದೀಪ ಹಾಕಬೇಕು, ಜನ ಇದ್ದಾರೆ ಅಂತ ತೋರಬೇಕು. ನಾವು ಹೋಗಿ ನಿಂತಾಗ ಒಂದು ಮನೆಯ ದೀಪ ಆರಿತು. ಕಂದು ನಾಯಿ ಬೊಗಳಿತು. ಕೀ ಗೊಂಚಲಿನ ಸದ್ದು ಮಾಡುತ್ತ ಬಾಗಿಲಿನಿಂದ ಅಣ್ಣ ಹೊರಗೆ ಬಂದ.

ನಾನು ಓಡಿಹೋಗಿ ತಬ್ಬಿಕೊಳ್ಳಬೇಕಿತ್ತು. ಸ್ಕೂಟರಿನ ಹತ್ತಿರವೇ ನಿಂತು ನೋಡಿದೆ. ಮೀಸೆಯಿಲ್ಲದ ಅದೇ ಮುಖ, ಆದರೆ ಬಲಗೈಯ ಎರಡು ಬೆರಳಿರಲಿಲ್ಲ. ಅವನು ನನ್ನನ್ನು ನೋಡಿ ಬೆಚ್ಚಲೂ ಇಲ್ಲ.

"ನೀನು ಬಂದ ಮಾರ್ನೆ ದಿನ್ವೇ ನೋಡ್ದೆ ಕಣ್ಲಾ ಸಿದ್ದ" ಎಂದ. "ಮರದಿಂದೆ ನಿಂತ್ಕಂಡು ನೋಡ್ತಿದ್ದೆ. ಓಯ್ತನೆ, ಓಯ್ತನೆ ಅಂತ ಕಾಯ್ತಿದ್ದೆ."

"ಯಾಕಣ್ಣ? ಅವ್ವ ಅಲ್ಲಿ ದಿನಾ ಸಾಯ್ತಾವ್ಳೆ. ಅತ್ಗೆ..." ಸಿಟ್ಟು ಬಂತು. ಅವನ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು, ಬದುಕಿದ್ದಾನಲ್ಲ ಅಂತ ಕಾಲಿಗೆ ಬೀಳಬೇಕು ಅಂತಲೂ ಅನ್ನಿಸಿತು.

ಮೆಟ್ಟಿಲ ಮೇಲೆ ಕೂತು ಹೇಳಿದ. ಮಿಷನ್ನಿಗೆ ಸಿಕ್ಕಿ ಬೆರಳು ಹೋದವು. ಯಾರ್ಡಿನವರು ಅದನ್ನು ಮುಚ್ಚಿಟ್ಟು ಕೆಲಸದಿಂದ ತೆಗೆದರು. ಆಮೇಲೆ ವೀಸಾ ಮುಗಿಯಿತು. ಬೆರಳು ಕಳೆದುಕೊಂಡು ಬರಿಗೈಯಲ್ಲಿ ಹೇಗೆ ಬರುವುದು ಅಂತ ಒಂದು ತಿಂಗಳು ಫೋನ್ ಮಾಡಲಿಲ್ಲ. ಇಷ್ಟು ದಿನ ಯಾಕೆ ಮಾಡಲಿಲ್ಲ ಅಂತ ಕೇಳುತ್ತಾರೆಂದು ಮುಂದಿನ ತಿಂಗಳೂ ಮಾಡಲಿಲ್ಲ. ಕೊನೆಗೊಂದು ಸಲ ಊರಿನ ಪರಿಚಯದವನಿಗೆ ದನಿ ಬದಲಿಸಿ ಫೋನ್ ಮಾಡಿ, ಮಾದೇಶ ಇದ್ದಾನಾ ಅಂತ ಕೇಳಿದನಂತೆ. ಸಮುದ್ರದಲ್ಲಿ ಸತ್ತುಹೋದ ಪಾಪ ಅಂತ ಆ ಕಡೆಯಿಂದ ಉತ್ತರ ಬಂತು.

"ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು ಕಣ್ಲಾ" ಎಂದ ಅಣ್ಣ. "ಸುಳ್ಳೇಳಲ್ಲ. ಸತ್ತೋನ್ನ ಯಾರೂ ಏನೂ ಕೇಳಲ್ಲ."

"ಅಂಗಾದ್ರೆ ಅತ್ಗೆ ಗತಿ ಏನು?"

"ಅದ್ಕೇ ಏಳದು. ನಂಗೆ ಎಡೆ ಮಡಗ್ಬುಡಿ. ಅವ್ಳ ದಾರಿ ಅವ್ಳಿಗಾಯ್ತದೆ."

"ಮಡಗಿವ್ನಿ" ಅಂದೆ. "ರೂಮಲ್ಲಿ ಮಡಗ್ಬುಟ್ಟು ಬಂದಿವ್ನಿ."

ಅವನು ತಲೆಯೆತ್ತಿ ನನ್ನ ಅಂಗಿಯ ಹತ್ತಿರ ಮೂಗು ತಂದ. ಕಣ್ಣು ತುಂಬಿಕೊಂಡವು. "ಕೋಳಿ ಸಾರಾ?" ಎಂದ.

ಯೂಸುಫ್ ತನ್ನ ಸ್ಕೂಟರಿನಲ್ಲಿ ಹೊರಟುಹೋದ. ನಾವಿಬ್ಬರೂ ದಡದ ಗುಂಟ ನಡೆದು ಬಂದೆವು. ಅಣ್ಣ ರೂಮಿನೊಳಗೆ ಬಂದು, ತನ್ನ ಫೋಟೋದ ಮೇಲಿನ ಹೂವನ್ನು ಮುಟ್ಟದೆ, ಅದರ ಎದುರಿಗೇ ಚಕ್ಕಂಬಟ್ಟಲೆ ಹಾಕಿ ಕೂತ. ಆರಿದ ಮುದ್ದೆಯನ್ನು ಇದ್ದ ಮೂರು ಬೆರಳಿನಲ್ಲಿ ಮುರಿದು ಸಾರಿಗೆ ಅದ್ದಿ ನುಂಗಿದ. ನಾನು ಗೋಡೆಗೆ ಒರಗಿ ನೋಡುತ್ತಿದ್ದೆ. ತನಗೇ ಇಟ್ಟ ಎಡೆಯನ್ನು ಒಬ್ಬ ಮನುಷ್ಯ ಕೂತು ಉಣ್ಣುವುದನ್ನು ನೋಡಿದವರು ಯಾರಾದರೂ ಇದ್ದಾರೋ ಇಲ್ಲವೋ, ನನಗೆ ತಿಳಿಯದು. ಅವನು ಮಗುವಿನಂತೆ ಸೊರಸೊರ ಸದ್ದು ಮಾಡುತ್ತ ಉಂಡ. ಮೂಳೆ ಅಗಿದು ರಸ ಹೀರಿ ಎಲೆಯ ಎಡಗಡೆ ಗುಡ್ಡೆ ಮಾಡಿದ, ಯಾವಾಗಲೂ ಮಾಡುತ್ತಿದ್ದಂತೆಯೇ.

ಆಗ ಅವ್ವನ ಫೋನ್ ಬಂತು. ಅಲ್ಲಿ ಸರಿರಾತ್ರಿ, ಮಲಗದೆ ಕಾಯುತ್ತಿದ್ದಳು. ಸ್ಪೀಕರ್ ಹಾಕು ಅಂತ ಅಣ್ಣ ಸನ್ನೆ ಮಾಡಿದ.

"ಮಡಗ್ದೇನ್ಲಾ? ಉಂಡ್ನಾ?"

ನಾನು ಅಣ್ಣನ ಮುಖ ನೋಡಿದೆ. ಅವನು ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದ. "ಉಂಡ ಕಣವ್ವ" ಅಂದೆ. "ಹೊಟ್ಟೆ ತುಂಬಾ ಉಂಡ."

ಅವ್ವ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ದನಿ ಸರಿ ಮಾಡಿಕೊಂಡು, ನನಗಲ್ಲ, ಅವನಿಗೆ ಹೇಳಿದಳು. "ಮಾದೇಸಾ, ಇನ್ ತಿರುಗ್ಬೇಡ ಕಣಪ್ಪ. ಬಾಗ್ಲಲ್ಲಿ ನಿಂತ್ಕಬೇಡ. ವರ್ಸಕ್ಕೊಂದ್ಸಲ ನಾನೇ ಕರೀತಿನಿ, ಬಂದು ಉಂಡೋಗು. ಈಗ ನೆಮ್ದಿಯಾಗ್ ಓಗು ನನ್ ಕಂದ." ಅಣ್ಣ ಎಂಜಲು ಕೈಯನ್ನು ಎದೆಗೆ ಒತ್ತಿಕೊಂಡು ಮುಂದಕ್ಕೂ ಹಿಂದಕ್ಕೂ ಆಡುತ್ತಿದ್ದ. ಬಾಯಿಂದ ಸದ್ದು ಹೊರಡಿಸಲಿಲ್ಲ. ಒಂದು ಸಲ ಅವ್ವಾ ಅಂದಿದ್ದರೆ ಸಾಕಿತ್ತು. ಅನ್ನು ಅಣ್ಣ, ಅನ್ನು, ಅಂತ ನಾನು ಒಳಗೊಳಗೇ ಬೇಡಿಕೊಂಡೆ. ಅನ್ನಲಿಲ್ಲ. ಅವ್ವನಿಗೆ ಇವತ್ತಿಗೂ ಗೊತ್ತಿಲ್ಲ. ಅವಳಿಗೆ ಓದಲು ಬರುವುದಿಲ್ಲ, ಅದೊಂದೇ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಹೊರಡುವಾಗ ಅಣ್ಣ ಬೀಡಿ ಕಟ್ಟನ್ನು ಜೇಬಿಗೆ ಹಾಕಿಕೊಂಡ. ಅತ್ತಿಗೆ ಕಳಿಸಿದ್ದ ನೀಲಗಿರಿ ಎಣ್ಣೆಯನ್ನು ಕೊಟ್ಟೆ. ಮುಚ್ಚಳ ತೆಗೆದು ಮೂಸಿ, ಕಣ್ಣು ಮುಚ್ಚಿ ನಿಂತು, ಮತ್ತೆ ಭದ್ರವಾಗಿ ಮುಚ್ಚಿ ಮೇಜಿನ ಮೇಲಿಟ್ಟ. "ಇದು ಬೇಡ. ಬದ್ಕಿರೋನ್ಗೆ ಕೊಟ್ಟಿರದು" ಅಂದ. ನಾಯಿ ಹೊರಗೆ ಕಾಯುತ್ತಿತ್ತು. ಅವನು ಮರಗಳ ಕತ್ತಲಿನೊಳಗೆ ಹೋದ ಮೇಲೂ ಕೀಗಳ ಸದ್ದು ಕೇಳುತ್ತಿತ್ತು. ಮಾರನೆಯ ದಿನ ಹುಡುಕಿಕೊಂಡು ಹೋದರೆ ಆ ಸಾಲಿನ ಕೀಗಳನ್ನೆಲ್ಲ ಯೂಸುಫನಿಗೆ ಒಪ್ಪಿಸಿ ಬೇರೆ ಊರಿಗೆ ಹೊರಟುಹೋಗಿದ್ದ. ಎಲ್ಲಿಗೆ ಅಂತ ಯೂಸುಫನಿಗೂ ಹೇಳಿರಲಿಲ್ಲ. ಅವತ್ತು ಸಂಜೆ ಆ ಮನೆಗಳಲ್ಲಿ ದೀಪ ಹತ್ತಲಿಲ್ಲ. ಕತ್ತಲಾಗಿದ್ದ ಮನೆಗಳೇ ನನಗೆ ಹೆಚ್ಚು ಭಯ ಹುಟ್ಟಿಸಿದವು.

ಕಲ್ಲಿನ ತಕರಾರು ಹೇಗೋ ಮುಗಿಸಿಕೊಂಡು ಊರಿಗೆ ಬಂದೆ. ಅಣ್ಣ ಎಡೆ ಉಂಡನೆಂದು ಅವ್ವ ಊರಿಗೆಲ್ಲ ಹೇಳಿಯಾಗಿತ್ತು. ಅತ್ತಿಗೆಯನ್ನು ಕಂಡರೆ ಹೆಂಗಸರು ದನಿ ತಗ್ಗಿಸುತ್ತಿದ್ದರು. ಅವರು ಮಾತ್ರ ಎಂದಿನಂತೆ ತಾಳಿ, ಕುಂಕುಮದಲ್ಲಿಯೇ ಇದ್ದರು. ನಾನು ಕಣ್ಣಿಗೆ ಕಣ್ಣು ಕೊಡದೆ ತಪ್ಪಿಸಿಕೊಂಡು ಓಡಾಡಿದೆ. ಒಂದು ಮಧ್ಯಾಹ್ನ ಅವ್ವ ಇಲ್ಲದ ಹೊತ್ತು ನೋಡಿ ಅತ್ತಿಗೆ ನನ್ನನ್ನು ಹಿತ್ತಿಲಲ್ಲಿ ತಡೆದು ನಿಲ್ಲಿಸಿದರು.

"ನಾನು ಅಳಲ್ಲ, ಬಯ್ಯಲ್ಲ. ಒಂದೇ ಮಾತ್ ಕೇಳ್ತಿನಿ" ಎಂದರು. "ನೀನ್ ಬಾಗ್ಲು ತಗ್ದು ನೋಡ್ದಾಗ ಎಲೆ ಎಂಗಿತ್ತು ಕಣಪ್ಪ?"

ಸುಳ್ಳು ಹೇಳಿ ಹೇಳಿ ಸಾಕಾಗಿತ್ತೋ ಏನೋ, ಕಣ್ಣಿಗೆ ಕಂಡದ್ದನ್ನೇ ಹೇಳಿಬಿಟ್ಟೆ. "ಎಲೆ ಖಾಲಿ ಅತ್ಗೆ. ಮೂಳೆನೂ ಅಗ್ದು ಎಡ್ಗಡೆಗೆ ಗುಡ್ಡೆ..." ಅಷ್ಟರಲ್ಲಿ ನಾಲಗೆ ಕಚ್ಚಿಕೊಂಡೆ.

ಅತ್ತಿಗೆ ತೊಳೆಯುತ್ತಿದ್ದ ಪಾತ್ರೆಯನ್ನು ನಿಧಾನವಾಗಿ ಕೆಳಗಿಟ್ಟರು. "ಸತ್ತೋರು ಮೂಳೆ ಅಗಿಯಲ್ಲ" ಎಂದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, "ಎಣ್ಣೆ ಕೊಟ್ಯಾ?" ಎಂದು ಕೇಳಿದರು. ನಾನು ಒಳಗೆ ಹೋಗಿ ಚೀಲದಿಂದ ಬಾಟಲಿ ತಂದು ಅವರ ಕೈಗಿಟ್ಟೆ. ಅದನ್ನು ಬೆಳಕಿಗೆ ಹಿಡಿದು ನೋಡಿದರು. ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ಮತ್ತೆ ಪಾತ್ರೆ ತೊಳೆಯಲು ಕೂತರು.

ಆ ವಿಷಯ ಮತ್ತೆ ನಮ್ಮಿಬ್ಬರ ನಡುವೆ ಬರಲಿಲ್ಲ. ಮುಂದಿನ ವರ್ಷದ ಮಾರ್ಲಮಿಗೆ ಅವ್ವ ಹೆದರಿ ಹೆದರಿಯೇ, ಮಾದೇಶನಿಗೂ ಒಂದು ಎಲೆ ಹಾಕಲಾ ಎಂದು ಕೇಳಿದಳು. ಅತ್ತಿಗೆ, "ಆಕಿ ಅತ್ತೆ, ನಾನೇ ಬಡಿಸ್ತಿನಿ" ಎಂದರು. ಅವರೇ ಕೋಳಿ ಸಾರು ಮಾಡಿದರು, ಮುದ್ದೆ ಕಟ್ಟಿದರು. ನಮ್ಮಪ್ಪನ ಎಲೆಯ ಪಕ್ಕದಲ್ಲಿ ಅಣ್ಣನ ಎಲೆ. ಎಲ್ಲ ಬಡಿಸಿದ ಮೇಲೆ ಕತ್ತಿಗೆ ಕೈ ಹಾಕಿ ತಾಳಿಯನ್ನು ತೆಗೆದು ಅವನ ಎಲೆಯ ತುದಿಗೆ ಇಟ್ಟರು. ಕುಂಕುಮ ಅಳಿಸಲಿಲ್ಲ. ಅವ್ವ ಗೋಳೋ ಎಂದು ಅತ್ತು ಸೊಸೆಯನ್ನು ತಬ್ಬಿಕೊಂಡಳು. ಕೊನೆಗೂ ಒಪ್ಪಿಕೊಂಡಳಲ್ಲ ಅಂತ ನನ್ನ ಕಡೆ ನೋಡಿ ತಲೆಯಾಡಿಸಿದಳು. ನಾನು ನೆಲ ನೋಡುತ್ತ ನಿಂತಿದ್ದೆ.

ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದೆವು. ಸ್ವಲ್ಪ ಹೊತ್ತಿನ ಮೇಲೆ ಅವ್ವ, "ಬಾಗ್ಲು ತಟ್ಟಮ್ಮಿ" ಎಂದಳು. ಅತ್ತಿಗೆ ಎದ್ದು ಹೋಗಿ, ತಟ್ಟದೆ, ಎರಡೂ ಕೈಯಲ್ಲಿ ಬಾಗಿಲನ್ನು ಅಗಲಕ್ಕೆ ದೂಡಿದರು.

"ಅಯ್ಯೋ, ತಟ್ದೆ ತಗೀಬಾರ್ದು ಕಣಮ್ಮಿ! ಉಣ್ತಾ ಇರ್ತಾರೆ!"

"ಮಾವ ಉಂಡೋಗವ್ರೆ ಅತ್ತೆ" ಎಂದರು ಅತ್ತಿಗೆ. "ಇನ್ನೊಬ್ರು ಬರಲ್ಲ."

ಒಳಗೆ ಹೋಗಿ ಅಣ್ಣನ ಎಲೆಯ ಮುಂದೆ ಕೂತರು. ತಾಳಿಯನ್ನು ಬೆರಳಿನಿಂದ ಅತ್ತ ಸರಿಸಿ, ಮುದ್ದೆ ಮುರಿದು ಉಣ್ಣತೊಡಗಿದರು.